ಜನವರಿಯಲ್ಲಿ ಸೀಳಿದ ಪೈಪು, ಏಪ್ರಿಲ್‌ನಲ್ಲಿ ಸುರಿದ ನೀರು

ಮಿನೆಸೋಟಾದಲ್ಲಿ ಮನೆ ಕೊಂಡ ಮೊದಲ ವರ್ಷ ಚಳಿಗಾಲ ಸುಸೂತ್ರವಾಗಿ ಮುಗಿಯಿತೆಂದು ನಾವು ಬೀಗುತ್ತಿದ್ದೆವು. ಏಪ್ರಿಲ್ ಕೊನೆಗೆ ಹಿಮ ಕರಗಿತು. ಮೆಂತ್ಯದ ಮಡಿಗೆ ನೀರು ಬಿಡೋಣವೆಂದು ಹಿತ್ತಿಲ ನಲ್ಲಿ ತಿರುಗಿಸಿದೆ. ರಬ್ಬರ್ ಪೈಪಿನ ತುದಿಯಲ್ಲಿ ನೀರೇನೋ ಬಂತು, ಆದರೆ ಎಂದಿನ ರಭಸವಿರಲಿಲ್ಲ. ಉಳಿದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಬೇಸ್‌ಮೆಂಟಿನಿಂದ ಹೆಂಡತಿಯ ಕೂಗು ಕೇಳಿಸಿತು. ಇಳಿದು ನೋಡಿದರೆ ಕಾರ್ಪೆಟ್ ಮೇಲೆ ಕಾಲಿಟ್ಟಲ್ಲೆಲ್ಲ ಪಚಪಚ. ಗೋಡೆಗೆ ಹೊದಿಸಿದ ಡ್ರೈವಾಲ್ ಎಂಬ ಜಿಪ್ಸಮ್ ಹಲಗೆ ನೀರು ಕುಡಿದು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿತ್ತು.

ತಪ್ಪು ನಡೆದದ್ದು ಅದಕ್ಕೂ ಆರು ತಿಂಗಳ ಹಿಂದೆ. ಚಳಿ ಪ್ರದೇಶದ ಮನೆಗಳ ಹೊರಗಿನ ನಲ್ಲಿಗೆ ಒಂದು ಜಾಣತನವಿದೆ. ತಿರುಗಿಸುವ ಹಿಡಿ ಹೊರಗಿದ್ದರೂ ನೀರನ್ನು ತಡೆಯುವ ವಾಲ್ವ್ ಒಂದಡಿ ಒಳಗೆ, ಮನೆಯ ಬೆಚ್ಚಗಿನ ಭಾಗದಲ್ಲಿರುತ್ತದೆ. ನಲ್ಲಿ ನಿಲ್ಲಿಸಿದೊಡನೆ ಆ ಒಂದಡಿ ಕೊಳವೆಯ ನೀರು ಹೊರಗೆ ಬಸಿದುಹೋಗುತ್ತದೆ, ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಆದರೆ ನಮ್ಮಂತೆ ಅಕ್ಟೋಬರ್‌ನಲ್ಲಿ ರಬ್ಬರ್ ಪೈಪನ್ನು ಬಿಚ್ಚದೆ ಬಿಟ್ಟರೆ ನೀರು ಬಸಿಯಲು ದಾರಿಯಿಲ್ಲ. ಜನವರಿಯಲ್ಲಿ ಅದು ಗಡ್ಡೆಯಾಗಿ ಕೊಳವೆಯನ್ನು ಸೀಳುತ್ತದೆ. ವಾಲ್ವ್ ಒಳಗಡೆ ಮುಚ್ಚಿರುವುದರಿಂದ ಚಳಿಗಾಲವಿಡೀ ಒಂದು ಹನಿಯೂ ಸೋರುವುದಿಲ್ಲ. ವಸಂತದಲ್ಲಿ ನಲ್ಲಿ ತಿರುಗಿಸಿದ ದಿನ ಗೋಡೆಯೊಳಗೇ ಕಾರಂಜಿ.

ನಷ್ಟ ಎಷ್ಟೆಂದು ಅಳೆಯುವ ವಿಮೆ ಕಂಪನಿಯ ಅಡ್ಜಸ್ಟರ್ ಬಂದು ಫೋಟೋ ತೆಗೆದುಕೊಂಡರು. ಚಳಿಗಾಲದಲ್ಲಿ ಮನೆಯಲ್ಲಿದ್ದಿರಾ, ಹೀಟಿಂಗ್ ನಡೆಯುತ್ತಿತ್ತಾ ಎಂದು ಎರಡೇ ಪ್ರಶ್ನೆ ಕೇಳಿದರು. ಕಾರ್ಪೆಟ್, ಡ್ರೈವಾಲ್, ಒಣಗಿಸುವ ಯಂತ್ರಗಳ ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕಿ, ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ನಾವೇ ಭರಿಸಬೇಕಾದ ಪಾಲು ಕಳೆದು ಚೆಕ್ ಬಂತು. ಸೀಳಿದ ನಲ್ಲಿಯ ದುಡ್ಡು ಮಾತ್ರ ನಮ್ಮ ಕೈಯಿಂದಲೇ ಹೋಯಿತು. ಆ ಎರಡು ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ತಿಳಿಯಲು ಅದುವರೆಗೆ ಲಕೋಟೆಯಿಂದ ಹೊರತೆಗೆಯದ ಪಾಲಿಸಿಯನ್ನು ಆ ರಾತ್ರಿ ಕುಳಿತು ಓದಿದೆ. ಮನೆಸಾಲದ ಕಂತಿನ ಜೊತೆಗೇ ವಿಮೆಯ ಹಣವೂ ಕಡಿತವಾಗುವುದರಿಂದ ನಮ್ಮಲ್ಲಿ ಬಹಳ ಜನ ಆ ಕಾಗದವನ್ನು ಒಮ್ಮೆಯೂ ಬಿಡಿಸಿ ನೋಡಿರುವುದಿಲ್ಲ.

ಮೊದಲು ಪೈಪಿನ ವಿಚಾರ. ನೀರು ಗಡ್ಡೆಯಾಗುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಗಡ್ಡೆಯೇ ಪೈಪನ್ನು ಒಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬಹುಪಾಲು ಪೈಪುಗಳು ಒಡೆಯುವುದು ಗಡ್ಡೆಯಿರುವ ಕಡೆಯಲ್ಲ. ಗಡ್ಡೆ ಬೆಳೆಯುತ್ತ ಬಿರಡೆಯಂತೆ ಮುಂದೊತ್ತಿದಾಗ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ವಿಪರೀತ ಏರುತ್ತದೆ. ಎಲ್ಲಿ ದುರ್ಬಲವೋ ಅಲ್ಲಿ ಪೈಪು ಬಾಯಿ ಬಿಡುತ್ತದೆ. ಕೊರೆಯುವ ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎನ್ನುವುದರ ಹಿಂದಿನ ಕಾರಣವೂ ಇದೇ: ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂದಲ್ಲ, ಒತ್ತಡ ಹೊರಹೋಗಲು ಒಂದು ಕಿಂಡಿ ಇರಲಿ ಎಂದು. ರಕ್ಷಣೆಯಿಲ್ಲದ ಅಟ್ಟದಲ್ಲಿ ಹಾದುಹೋಗುವ, ಹೊದಿಕೆಯಿಲ್ಲದ ಪೈಪುಗಳಿಗೆ ಹೊರಗಿನ ತಾಪಮಾನ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್ ಮುಟ್ಟಿದಾಗ ಅಪಾಯ ಶುರುವಾಗುತ್ತದೆಂದು ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದಾರೆ.

ಅಪಾಯ ನಮ್ಮಂಥ ಉತ್ತರದವರಿಗೇ ಹೆಚ್ಚು ಎಂದೂ ಇಲ್ಲ. ಇಲ್ಲಿ ಮನೆ ಕಟ್ಟುವವರು ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಪೈಪುಗಳನ್ನು ಒಳಗೋಡೆಗಳಲ್ಲಿ ಇಳಿಸುತ್ತಾರೆ. ಟೆಕ್ಸಸ್‌ನಲ್ಲಿ ಎಷ್ಟೋ ಮನೆಗಳ ಪೈಪುಗಳು ಸೂರಿನ ಕೆಳಗಿನ ಅಟ್ಟದಲ್ಲೇ ಓಡಾಡುತ್ತವೆ. 2021ರ ಫೆಬ್ರವರಿಯಲ್ಲಿ ಡಲ್ಲಾಸ್‌ನ ತಾಪಮಾನ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 19 ಸೆಲ್ಸಿಯಸ್‌ಗೆ ಇಳಿಯಿತು. ರಾಜ್ಯದಲ್ಲಿ 45 ಲಕ್ಷ ಮನೆ, ಅಂಗಡಿಗಳ ವಿದ್ಯುತ್ ಹೋಯಿತು. ಕರೆಂಟಿಲ್ಲದೆ ಹೀಟರ್ ನಿಂತಿತು, ಅಟ್ಟದ ಪೈಪುಗಳು ಒಡೆದವು, ಚಾವಣಿ ಕುಸಿದು ಹಾಸಿಗೆಯ ಮೇಲೆ ಬಿತ್ತು. ಆಸ್ಟಿನ್, ಹ್ಯೂಸ್ಟನ್ ಕಡೆ ನೆಂಟರಿರುವ ಕನ್ನಡಿಗರಿಗೆ ಆ ವಾರದ ವಾಟ್ಸ್ಆ್ಯಪ್ ವಿಡಿಯೊಗಳು ಇನ್ನೂ ನೆನಪಿರುತ್ತವೆ. ಅಲ್ಲಿ ಬಹಳಷ್ಟು ಮಂದಿಗೆ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ ಎನ್ನುವುದೇ ತಿಳಿದಿರಲಿಲ್ಲ. ನಿಮಗೆ ತಿಳಿಯದಿದ್ದರೆ ಈ ಲೇಖನವನ್ನು ಇಲ್ಲಿಗೆ ನಿಲ್ಲಿಸಿ, ಹುಡುಕಿ ಬಂದು ಮುಂದಕ್ಕೆ ಓದಿ. ಬೇಸ್‌ಮೆಂಟ್ ಇರುವ ಮನೆಯಲ್ಲಿ ಅದು ಸಾಮಾನ್ಯವಾಗಿ ನೀರಿನ ಮೀಟರಿನ ಪಕ್ಕದಲ್ಲಿರುತ್ತದೆ.

ಈಗ ಅಡ್ಜಸ್ಟರರ ಆ ಎರಡು ಪ್ರಶ್ನೆ. ಅಮೆರಿಕದಲ್ಲಿ ಸ್ವಂತ ಮನೆಯುಳ್ಳವರ ಕೈಯಲ್ಲಿ ಹೆಚ್ಚಾಗಿ ಇರುವುದು ಎಚ್‌ಓ-3 ಎಂಬ ಮಾದರಿಯ ಪಾಲಿಸಿ. ಮನೆಯ ಕಟ್ಟಡದ ಮಟ್ಟಿಗೆ ಇದರ ಬರವಣಿಗೆ ತಲೆಕೆಳಗಾಗಿದೆ: ಯಾವುದಕ್ಕೆ ಹಣ ಕೊಡುತ್ತೇವೆ ಎಂದು ಹೇಳುವುದಿಲ್ಲ, ಯಾವುದಕ್ಕೆ ಕೊಡುವುದಿಲ್ಲ ಎಂದು ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ ರಕ್ಷಣೆ ಉಂಟು. ಆ ಪಟ್ಟಿಯಲ್ಲಿ ಹೆಪ್ಪುಗಟ್ಟುವಿಕೆಯೂ ಇದೆ, ಆದರೆ ಅದಕ್ಕೊಂದು ಬಾಲ ಅಂಟಿಕೊಂಡಿದೆ. ಮನೆಯನ್ನು ಬೆಚ್ಚಗಿಡಲು ನೀವು ತಕ್ಕಮಟ್ಟಿನ ಎಚ್ಚರ ವಹಿಸಿದ್ದರೆ, ಇಲ್ಲವೇ ನೀರು ನಿಲ್ಲಿಸಿ ಪೈಪು ಮತ್ತು ಯಂತ್ರಗಳಲ್ಲಿದ್ದ ನೀರನ್ನೆಲ್ಲ ಬಸಿದಿದ್ದರೆ, ಈ ನಿರಾಕರಣೆ ನಿಮಗೆ ಅನ್ವಯಿಸುವುದಿಲ್ಲ. ಇಡೀ ಚಳಿಗಾಲದ ವಿಮೆ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಮನೆ ಉಳಿಸಿಕೊಳ್ಳಲು ಮಾಡಬೇಕಾದ ಕೆಲಸ ಯಾವುದೋ, ಕ್ಲೇಮು ಉಳಿಸಿಕೊಳ್ಳಲು ಮಾಡಬೇಕಾದದ್ದೂ ಅದೇ.

ಇದು ನಮ್ಮವರಿಗೆ ಕುತ್ತಾಗುವುದು ಡಿಸೆಂಬರ್‌ನಲ್ಲಿ. ಮಕ್ಕಳಿಗೆ ರಜೆ ಸಿಗುವುದೂ, ಊರಿನಲ್ಲಿ ಹವೆ ಹಿತವಾಗಿರುವುದೂ ಆಗಲೇ ಆದ್ದರಿಂದ ಮೂರು-ನಾಲ್ಕು ವಾರ ಮನೆಗೆ ಬೀಗ ಹಾಕಿ ಹೊರಡುತ್ತೇವೆ, ಸರಿಯಾಗಿ ಚಳಿ ಹಲ್ಲು ಕಚ್ಚುವ ಹೊತ್ತಿಗೆ. ಯಾರೂ ಇಲ್ಲದ ಮನೆಗೆ ಗ್ಯಾಸ್ ಯಾಕೆ ಉರಿಸಬೇಕು ಎಂದು ಹೀಟರನ್ನೇ ಆರಿಸಿ ಹೋದವರನ್ನು ನಾನು ಬಲ್ಲೆ. ಉಪನಯನ ಮುಗಿಸಿ ಬಂದು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಗಡ್ಡೆ ಕಟ್ಟಿತ್ತಂತೆ. ಉಳಿಸಿದ್ದು ಒಂದು ತಿಂಗಳ ಗ್ಯಾಸ್ ಬಿಲ್ಲು. ಕಂಪನಿ ಮನೆಯ ತಾಪ ಗೊತ್ತುಮಾಡುವ ಥರ್ಮೋಸ್ಟ್ಯಾಟ್‌ನ ದಾಖಲೆ ಕೇಳಿತು, ಕ್ಲೇಮು ಅಲ್ಲಿಗೆ ಬಿತ್ತು.

ಹಾಗಾಗಿ ಥರ್ಮೋಸ್ಟ್ಯಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ ಕೆಳಗಿಳಿಸಬೇಡಿ. ಅದರ ಮೇಲೆ ನೀರಿನ ಮುಖ್ಯ ವಾಲ್ವನ್ನೂ ನಿಲ್ಲಿಸಿ, ಮನೆಯ ಅತಿ ಕೆಳಗಿನ ನಲ್ಲಿ ಮತ್ತು ಅತಿ ಮೇಲಿನ ನಲ್ಲಿ ಎರಡನ್ನೂ ತೆರೆದು ನೀರು ಬಸಿಯಿರಿ. ಪಾಲಿಸಿ ಎರಡರಲ್ಲಿ ಒಂದು ಸಾಕು ಎನ್ನುತ್ತದೆ, ನಾನು ಎರಡನ್ನೂ ಮಾಡುತ್ತೇನೆ. ಯಾಕೆಂದರೆ ಕರೆಂಟು ಹೋದರೆ ಮನೆ ಬೆಚ್ಚಗಿಡುವ ಗ್ಯಾಸಿನ ಫರ್ನೇಸೂ ನಿಲ್ಲುತ್ತದೆ, ಅದರ ಬೀಸಣಿಗೆ ಓಡುವುದು ವಿದ್ಯುತ್ತಿನಿಂದಲೇ. ವಾಲ್ವ್ ನಿಲ್ಲಿಸಿದ್ದರೆ ಪೈಪು ಒಡೆದರೂ ಸುರಿಯುವುದು ಒಂದೆರಡು ಬಕೆಟ್ ನೀರು, ಮೂರು ವಾರದ ಹೊಳೆಯಲ್ಲ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇರುವ ಮನೆಯಲ್ಲಿ ಮಾತ್ರ ಅದಕ್ಕೆ ಹೋಗುವ ನೀರನ್ನು ನಿಲ್ಲಿಸುವಂತಿಲ್ಲ. ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವ ಬಾಯ್ಲರ್ ಇದ್ದರೆ ಪ್ಲಂಬರನ್ನು ಕೇಳದೆ ಮುಟ್ಟಬೇಡಿ.

ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಎರಡು-ಮೂರು ದಿನಕ್ಕೊಮ್ಮೆ ಒಳಗೆ ಹೋಗಿ ಥರ್ಮೋಸ್ಟ್ಯಾಟ್‌ನ ಫೋಟೋ ಕಳಿಸಲು ಕೇಳಿಕೊಳ್ಳಿ. ಸಂಕೋಚ ಬೇಡ, ಅವರು ಫ್ಲಾರಿಡಾಕ್ಕೆ ಹೋದಾಗ ನೀವೂ ಮಾಡಿಕೊಡುತ್ತೀರಿ. ಆ ಫೋಟೋಗಳೇ ನಾಳೆ ಎಚ್ಚರ ವಹಿಸಿದ್ದಕ್ಕೆ ಸಾಕ್ಷಿ. ಪೂರಾ ಎರಡು ತಿಂಗಳು ಮನೆ ಖಾಲಿ ಬಿಡುವ ಯೋಚನೆಯಿದ್ದರೆ ಏಜೆಂಟರಿಗೆ ಮೊದಲೇ ತಿಳಿಸಿ. ಸಾಮಾನು ಸರಂಜಾಮು ಇಲ್ಲದೆ 60 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದ ಮನೆಗೆ ಕೆಲವು ರಕ್ಷಣೆಗಳು ಕಳಚಿಕೊಳ್ಳುತ್ತವೆ. ಹೊರಡುವ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಬೀರುವಿನಲ್ಲಿ ಬಿಟ್ಟುಹೋದ ಒಡವೆ ಕಳುವಾದರೆ ಬಹಳಷ್ಟು ಪಾಲಿಸಿಗಳು ಒಟ್ಟು 1,500 ಡಾಲರಿಗಿಂತ ಹೆಚ್ಚು ಕೊಡುವುದಿಲ್ಲ. ಅಜ್ಜಿಯ ಒಂದು ಬಳೆಯೂ ಅದರಲ್ಲಿ ಬರುವುದಿಲ್ಲ. ಪಾಲಿಸಿಯಲ್ಲಿ ಒಡವೆಗೆ ಪ್ರತ್ಯೇಕ ಪಟ್ಟಿ ಮಾಡಿಸಬೇಕು, ಇಲ್ಲವೇ ಬ್ಯಾಂಕ್ ಲಾಕರ್.

ಪಾಲಿಸಿಯ ಮೊದಲ ಪುಟದಲ್ಲಿ ಎ ಯಿಂದ ಎಫ್ ವರೆಗೆ ಆರು ಸಾಲುಗಳಿರುತ್ತವೆ. ಎ ಎಂದರೆ ಮನೆಯ ಕಟ್ಟಡ. ಇಲ್ಲಿರುವ ಮೊತ್ತ ಮನೆಯ ಮಾರುಕಟ್ಟೆ ಬೆಲೆಯಲ್ಲ, ಸುಟ್ಟು ಬೂದಿಯಾದರೆ ಮತ್ತೆ ಕಟ್ಟಲು ತಗಲುವ ಖರ್ಚು. ನೆಲಕ್ಕೆ ಬೆಂಕಿ ಬೀಳುವುದಿಲ್ಲವಾದ್ದರಿಂದ ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ. ಎ 4 ಲಕ್ಷ ಡಾಲರ್ ಎಂದಿಟ್ಟುಕೊಂಡರೆ ಬಿ, ಅಂದರೆ ಬೇಲಿ, ಪ್ರತ್ಯೇಕ ಗ್ಯಾರೇಜು ಮುಂತಾದವಕ್ಕೆ ಸಾಮಾನ್ಯವಾಗಿ ಅದರ ನೂರಕ್ಕೆ 10, ಅಂದರೆ 40,000. ಸಿ ಎಂಬುದು ಮನೆಯೊಳಗಿನ ವಸ್ತುಗಳು, ನೂರಕ್ಕೆ 50ರ ಆಸುಪಾಸು. ಡಿ ಎಂಬುದನ್ನು ಬಹಳ ಜನ ಗಮನಿಸುವುದೇ ಇಲ್ಲ: ಮನೆ ದುರಸ್ತಿಯಾಗುವವರೆಗೆ ಬೇರೆಡೆ ಇರಬೇಕಾಗಿ ಬಂದರೆ ಹೋಟೆಲು, ಬಾಡಿಗೆ, ಊಟಕ್ಕೆ ಎಂದಿಗಿಂತ ಹೆಚ್ಚಾದ ಖರ್ಚು. ಟೆಕ್ಸಸ್‌ನಲ್ಲಿ ಆ ವರ್ಷ ಪ್ಲಂಬರುಗಳೇ ಸಿಗದೆ ವಾರಗಟ್ಟಲೆ ಹೊರಗಿದ್ದವರ ಕೈ ಹಿಡಿದದ್ದು ಈ ಸಾಲು. ಇ ಮತ್ತು ಎಫ್ ಬೇರೆಯವರಿಗೆ ನಿಮ್ಮಿಂದಾದ ಹಾನಿಗೆ ಸಂಬಂಧಿಸಿದವು, ಅದು ಆಮೇಲೆ.

ಎ ಮೊತ್ತವನ್ನು ಕಡಿಮೆ ಇಟ್ಟುಕೊಂಡು ಪ್ರೀಮಿಯಂ ಉಳಿಸೋಣ ಎನ್ನುವ ಲೆಕ್ಕ ಕೈಕೊಡುತ್ತದೆ. ಕಟ್ಟುವ ಖರ್ಚಿನ ನೂರಕ್ಕೆ 80ರಷ್ಟಾದರೂ ವಿಮೆ ಇರಬೇಕೆಂಬುದು ಸಾಮಾನ್ಯ ನಿಯಮ. ಮತ್ತೆ ಕಟ್ಟಲು 5 ಲಕ್ಷ ಬೇಕಾಗುವ ಮನೆಗೆ 4 ಲಕ್ಷದ ವಿಮೆ ಬೇಕು. ನೀವು ಮಾಡಿಸಿದ್ದು 3 ಲಕ್ಷ. ಪೈಪು ಒಡೆದು 40,000 ಡಾಲರ್ ನಷ್ಟವಾದರೆ ಕಂಪನಿ ಮುಕ್ಕಾಲು ಪಾಲು, ಅಂದರೆ 30,000ದ ಲೆಕ್ಕ ಹಿಡಿದು ಅದರಲ್ಲಿ ಡಿಡಕ್ಟಿಬಲ್ ಕಳೆಯಬಹುದು. ಮನೆಯೇನೂ ನೆಲಸಮವಾಗಿಲ್ಲ, ನಷ್ಟ ವಿಮೆಯ ಮೊತ್ತಕ್ಕಿಂತ ಎಷ್ಟೋ ಕಡಿಮೆ; ಆದರೂ ಪೂರ್ತಿ ಸಿಗುವುದಿಲ್ಲ. ಅಡುಗೆಮನೆಯನ್ನು ಹೊಸದಾಗಿ ಮಾಡಿಸಿ, ಬೇಸ್‌ಮೆಂಟನ್ನು ಕೋಣೆಯಾಗಿಸಿ, ಪಾಲಿಸಿಯನ್ನು ಮಾತ್ರ ಹತ್ತು ವರ್ಷ ಹಳೆಯ ಮೊತ್ತದಲ್ಲೇ ಬಿಟ್ಟವರು ಈ ಹಳ್ಳಕ್ಕೆ ಬೀಳುತ್ತಾರೆ. ಹಾಗೆಯೇ ವಸ್ತುಗಳಿಗೆ ಹೊಸದರ ಬೆಲೆ ಸಿಗುತ್ತದೋ ಸವಕಳಿ ಕಳೆದ ಬೆಲೆಯೋ ಎಂದು ನೋಡಿಕೊಳ್ಳಿ. ಎಂಟು ವರ್ಷದ ಸೋಫಾಗೆ ಸವಕಳಿ ಕಳೆದರೆ ಉಳಿಯುವುದು ಅದನ್ನು ಹೊರಗೆ ಸಾಗಿಸುವ ಲಾರಿಯ ಬಾಡಿಗೆಯಷ್ಟು.

ಜನ ಹೆಚ್ಚು ಎಡವುವುದು ನೀರಿನಲ್ಲಿ. ಬೇಸ್‌ಮೆಂಟಿನಲ್ಲಿ ನಾಲ್ಕಂಗುಲ ನೀರು ನಿಂತಿದೆ. ನಮ್ಮ ಕಣ್ಣಿಗೆ ನೀರೆಲ್ಲ ಒಂದೇ, ವಿಮೆ ಕಂಪನಿಗೆ ಮಾತ್ರ ನೀರಿಗೂ ಕುಲಗೋತ್ರ ಉಂಟು. ಬೆಚ್ಚಗಿದ್ದ ಮನೆಯಲ್ಲಿ ಪೈಪು ಥಟ್ಟನೆ ಒಡೆದು ಬಂದ ನೀರಾದರೆ ಹಣ ಸಿಗುತ್ತದೆ. ಅದೇ ಪೈಪಿನ ಗಂಟಿನಲ್ಲಿ ತಿಂಗಳುಗಟ್ಟಲೆ ಹನಿ ಹನಿಯಾಗಿ ಸೋರಿ ಗೋಡೆ ಕೊಳೆತಿದ್ದರೆ ಇಲ್ಲ, ಅದು ನಿರ್ಲಕ್ಷ್ಯ. ಚರಂಡಿ ಕಟ್ಟಿಕೊಂಡು ಕೆಳಗಿನ ಮೋರಿಯಿಂದ ಉಕ್ಕಿದ್ದರೆ, ಅಥವಾ ಬೇಸ್‌ಮೆಂಟಿನ ಗುಂಡಿಯಲ್ಲಿ ಸೇರುವ ನೀರನ್ನು ಹೊರಗೆತ್ತುವ ಸಂಪ್ ಪಂಪು ನಿಂತು ಗುಂಡಿ ತುಂಬಿ ಹರಿದಿದ್ದರೆ ಮೂಲ ಪಾಲಿಸಿಯಲ್ಲಿ ಇಲ್ಲ. ಅದಕ್ಕೆ ವರ್ಷಕ್ಕೆ ಚಿಲ್ಲರೆ ಹಣ ಸೇರಿಸಿ ಕೊಳ್ಳುವ ಪುರವಣಿಯೊಂದಿದೆ. ಬೇಸ್‌ಮೆಂಟ್ ಇರುವ ಯಾರೂ ಅದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಸಂಪ್ ಪಂಪಿನ ನೀರನ್ನು ಹೊರಗೆ ಚೆಲ್ಲುವ ಕೊಳವೆಯ ಬಾಯಿಗೆ ಗಡ್ಡೆ ಕಟ್ಟಿಕೊಂಡು ಪಂಪು ಸೋಲುವುದು ಇಲ್ಲಿ ಮಾರ್ಚ್ ತಿಂಗಳ ಮಾಮೂಲು.

ಇನ್ನೊಂದು ನೀರಿದೆ. ಅಂಗಳದ ಹಿಮ ಒಮ್ಮೆಲೇ ಕರಗಿ, ಕೆಳಗಿನ ನೆಲ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿದ್ದು, ಇಂಗಲು ಜಾಗವಿಲ್ಲದೆ ಹರಿದು ಕಿಟಕಿಯ ಮೂಲಕ ಒಳಗೆ ಬರುತ್ತದೆ. ನೆಲದ ಮೇಲೆ ಹರಿದು ಬಂದ ನೀರು ಎಂದ ಮೇಲೆ ಅದು ವಿಮೆಯ ಭಾಷೆಯಲ್ಲಿ ಪ್ರವಾಹ. ಹೊಳೆ ಹತ್ತು ಮೈಲಿ ದೂರವಿದ್ದರೂ ಪ್ರವಾಹವೇ. ಮನೆವಿಮೆ ಅದಕ್ಕೆ ಬಿಡಿಗಾಸು ಕೊಡುವುದಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮೆ ಯೋಜನೆಯಿಂದ ಬೇರೆ ಪಾಲಿಸಿ ಕೊಳ್ಳಬೇಕು. ಮನೆಗೆ ಗರಿಷ್ಠ 2,50,000 ಡಾಲರ್, ವಸ್ತುಗಳಿಗೆ 1,00,000. ಕೊಂಡ ದಿನದಿಂದ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ, ಹಾಗಾಗಿ ಹಿಮ ಕರಗುವ ವಾರದಲ್ಲಿ ಓಡಿದರೆ ಪ್ರಯೋಜನವಿಲ್ಲ. ಅದರಲ್ಲೂ ಬೇಸ್‌ಮೆಂಟಿನ ಫರ್ನೇಸು, ನೀರಿನ ಹೀಟರಿಗೆ ರಕ್ಷಣೆ ಇದೆಯೇ ಹೊರತು ಕಾರ್ಪೆಟ್ಟಿಗೆ, ಸೋಫಾಗೆ ಇಲ್ಲ.

ಮಾಡಿನ ವಿಷಯಕ್ಕೆ ಬಂದರೆ ನನಗೆ ಸಾಗರದ ನಮ್ಮ ಮನೆ ನೆನಪಾಗುತ್ತದೆ. ಮಳೆಗಾಲಕ್ಕೆ ಮೊದಲು ಅಪ್ಪ ಹಂಚು ಕೈಯಾಡಿಸಲು ಆಳು ಕರೆಸುತ್ತಿದ್ದರು. ಹಂಚಿನ ಮಾಡು ನೀರನ್ನು ಹಿಡಿದಿಡುವುದಿಲ್ಲ, ಒಂದರ ಮೇಲಿಂದ ಒಂದಕ್ಕೆ ಜಾರಿಸಿ ಕೆಳಗಿಳಿಸುತ್ತದೆ. ಅದರ ಮೇಲೆ ನೀರು ನಿಂತರೆ ಹಂಚಿನ ಸಂದಿನಲ್ಲಿ ಒಳಗೆ ಬರುತ್ತದೆ. ಇಲ್ಲಿನ, ಶಿಂಗಲ್ ಎಂಬ ತೆಳು ಹಾಳೆಗಳನ್ನು ಹೊದಿಸಿದ ಮಾಡೂ ಅಷ್ಟೇ. ಕೋಣೆಯ ಶಾಖ ಅಟ್ಟಕ್ಕೆ ಸೋರಿದರೆ ಮಾಡಿನ ಮೇಲ್ಭಾಗದ ಹಿಮ ತಳದಿಂದ ಕರಗುತ್ತದೆ. ಆ ನೀರು ಜಾರಿ ಸೂರಿನಂಚಿಗೆ ಬರುತ್ತದೆ. ಅಂಚು ಗೋಡೆಯಿಂದ ಹೊರಚಾಚಿದ್ದು, ಅದರಡಿ ಶಾಖವಿಲ್ಲ. ಅಲ್ಲಿ ಮತ್ತೆ ಗಡ್ಡೆಯಾಗಿ ದಿನದಿನಕ್ಕೆ ಕಟ್ಟೆಯಂತೆ ಬೆಳೆಯುತ್ತದೆ. ಹಿಂದೆ ನಿಂತ ನೀರು ಶಿಂಗಲ್‌ಗಳ ಅಡಿಯಿಂದ ಮೇಲಕ್ಕೇರಿ ಚಾವಣಿಯೊಳಗೆ ಇಳಿಯುತ್ತದೆ. ಸೂರಿನಿಂದ ಇಳಿಬಿದ್ದ ಹಿಮದ ಸೂಜಿಗಳು ಫೋಟೋಗೆ ಚೆಂದ, ಆದರೆ ಅವು ಅಟ್ಟದಿಂದ ಶಾಖ ಸೋರುತ್ತಿದೆ ಎಂಬ ಸುಳಿವು. ಇದಕ್ಕೆ ಮದ್ದು ಮಾಡಿನ ಮೇಲಿಲ್ಲ, ಅಟ್ಟದಲ್ಲಿದೆ: ದೀಪದ ತೂತು, ಪೈಪಿನ ಸಂದುಗಳನ್ನು ಮುಚ್ಚಿಸಿ, ಇನ್ಸುಲೇಷನ್ ದಪ್ಪಗೆ ಹಾಸಿ, ಅಟ್ಟಕ್ಕೆ ಹೊರಗಾಳಿ ಆಡುವಂತೆ ಮಾಡುವುದು. ಒಳಗೆ ಸೋರಿ ಹಾಳಾದ ಚಾವಣಿಗೆ ವಿಮೆ ಸಾಮಾನ್ಯವಾಗಿ ಕೊಡುತ್ತದೆ, ಆ ಗಡ್ಡೆಯನ್ನು ತೆಗೆಸುವ ಕೂಲಿಗೆ ಹೆಚ್ಚಾಗಿ ಕೊಡುವುದಿಲ್ಲ, ಅಟ್ಟದ ಇನ್ಸುಲೇಷನ್‌ಗಂತೂ ಇಲ್ಲವೇ ಇಲ್ಲ.

ಹಿಮದ ಭಾರದಿಂದ ಮಾಡು ಕುಸಿದರೆ ಅದಕ್ಕೆ ರಕ್ಷಣೆ ಉಂಟು. ಹೊಸದಾಗಿ ಬಿದ್ದ ಹಗುರ ಹಿಮ ಒಂದಡಿ ದಪ್ಪವಿದ್ದರೆ ಚದರಡಿಗೆ ಸುಮಾರು 5 ಪೌಂಡ್ ತೂಗುತ್ತದೆ. ಕುಸಿದು ಗಟ್ಟಿಯಾದ ಹಳೆಯ ಹಿಮವಾದರೆ ಮೂರರಿಂದ ಐದು ಅಂಗುಲಕ್ಕೇ ಅಷ್ಟು ಭಾರ, ಗಡ್ಡೆಯಾದರೆ ಒಂದೇ ಅಂಗುಲಕ್ಕೆ. ನೆಲದ ಮೇಲೆ ನಿಂತು ಉದ್ದ ಹಿಡಿಯ ಹಿಮಗೋರೆಯಿಂದ (ರೂಫ್ ರೇಕ್) ಎಳೆದು ಇಳಿಸಿ, ನೀವೇ ಏಣಿ ಹತ್ತಬೇಡಿ.

ಮನೆಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಮನೆಯವರದೇ ಹೊಣೆ. ಮಿನಿಯಾಪೊಲಿಸ್‌ನಲ್ಲಿ ಹಿಮ ನಿಂತ 24 ಗಂಟೆಯೊಳಗೆ ತೆಗೆಯಬೇಕು. ಪಾರ್ಸಲ್ ತಂದವರು ಜಾರಿ ಬಿದ್ದು ಮೂಳೆ ಮುರಿದುಕೊಂಡು ಮೊಕದ್ದಮೆ ಹೂಡಿದರೆ ಪಾಲಿಸಿಯ ಇ ಸಾಲು ವಕೀಲರ ಖರ್ಚನ್ನೂ ಪರಿಹಾರವನ್ನೂ ನೋಡಿಕೊಳ್ಳುತ್ತದೆ. ಅಲ್ಲಿ ಸಾಮಾನ್ಯವಾಗಿ ಕನಿಷ್ಠ ಮೊತ್ತವಾಗಿರುವ 1 ಲಕ್ಷ ಡಾಲರ್ ಈ ದೇಶದ ಆಸ್ಪತ್ರೆ ಬಿಲ್ಲಿನ ಮುಂದೆ ಏನೇನೂ ಸಾಲದು, 3 ಲಕ್ಷಕ್ಕೆ ಏರಿಸಲು ಹೆಚ್ಚು ಹಣವೇನೂ ಬೇಡ. ಎಫ್ ಎಂಬುದು ತಪ್ಪು ಯಾರದೆಂದು ನೋಡದೆ ಅತಿಥಿಗಳ ಸಣ್ಣಪುಟ್ಟ ಚಿಕಿತ್ಸೆಗೆ ಕೊಡುವ ಹಣ.

ಹಾರೆ ಹಿಡಿದು ಹೊರಬಿದ್ದಾಗ ಗೋಡೆಯಿಂದ ಚಾಚಿದ ಬಿಳಿ ಪ್ಲಾಸ್ಟಿಕ್ ಕೊಳವೆಗಳನ್ನೂ ನೋಡಿ. ಹೊಸ ಫರ್ನೇಸುಗಳು ಉಸಿರಾಡುವುದು ಅವುಗಳ ಮೂಲಕ. ಹಿಮ ಅವನ್ನು ಮುಚ್ಚಿದರೆ ಒಂದೋ ಫರ್ನೇಸ್ ನಿಲ್ಲುತ್ತದೆ, ಇಲ್ಲವೇ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇರಲೇಬೇಕು. ಕರೆಂಟು ಹೋದಾಗ ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸಬೇಡಿ, ಮನೆಯಿಂದ 20 ಅಡಿ ಆಚೆಗಿರಲಿ.

ಇಷ್ಟಾದರೂ ಒಂದು ದಿನ ಗೋಡೆ ಒಡೆದು ನೀರು ಬಂತೆನ್ನಿ. ಮೊದಲು ವಾಲ್ವ್, ನಂತರ ಫೋಟೋ, ಆಮೇಲೆ ಫೋನು. ಅಡ್ಜಸ್ಟರ್ ಬರಲಿ ಎಂದು ಒದ್ದೆ ಕಾರ್ಪೆಟ್ಟನ್ನು ನಾಲ್ಕು ದಿನ ಹಾಗೇ ಬಿಡಬೇಡಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿಯ ಪ್ರಕಾರ ನಿಮ್ಮ ಕರ್ತವ್ಯ. ಬೂಷ್ಟು ಹಿಡಿದರೆ ಅದಕ್ಕೆ ಬೇರೆಯೇ ಸಣ್ಣ ಮಿತಿ. ಕಿತ್ತದ್ದರ ಒಂದು ತುಂಡನ್ನು, ಒಡೆದ ಪೈಪನ್ನು ಎತ್ತಿಟ್ಟುಕೊಳ್ಳಿ, ರಸೀದಿಗಳನ್ನೂ. ನಷ್ಟ 1,400 ಡಾಲರ್, ಡಿಡಕ್ಟಿಬಲ್ 1,000 ಇದ್ದರೆ ಮಾತ್ರ ಕ್ಲೇಮು ಹಾಕುವ ಮುನ್ನ ಯೋಚಿಸಿ. ಕ್ಲೇಮುಗಳ ದಾಖಲೆ ಏಳು ವರ್ಷದವರೆಗೆ ಉಳಿಯುತ್ತದೆ, ಬಹುಪಾಲು ಕಂಪನಿಗಳು ಅದನ್ನು ನೋಡುತ್ತವೆ. ನಾಲ್ಕು ನೂರಕ್ಕಾಗಿ ಮುಂದಿನ ಪ್ರೀಮಿಯಂ ಏರಿಸಿಕೊಳ್ಳುವುದು ನಷ್ಟದ ವ್ಯಾಪಾರ.

ಕಳೆದ ಡಿಸೆಂಬರ್‌ನಲ್ಲಿ ನಾವು ಸಾಗರದಲ್ಲಿದ್ದೆವು. ರಾತ್ರಿ ಊಟಕ್ಕೆ ಕುಳಿತಾಗ ಪಕ್ಕದ ಮನೆಯವರ ಫೋಟೋ ಬಂತು. ಮೊಬೈಲ್ ಅಮ್ಮನ ಕೈಗೆ ಹೋಯಿತು. ಕನ್ನಡಕ ಏರಿಸಿಕೊಂಡು ಗೋಡೆಯ ಮೇಲಿನ ಆ ಗುಂಡನೆಯ ವಸ್ತುವನ್ನು ಬಹಳ ಹೊತ್ತು ನೋಡಿದರು. "ಇದು ಯಾವ ಗಡಿಯಾರವಪ್ಪಾ, ಮುಳ್ಳೇ ಇಲ್ಲ, ಬರೀ 57 ಅಂತಿದೆಯಲ್ಲ?" ಎಂದು ಕೇಳಿ, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು.